ಓರೊನೊದ ಮಂಜುಗಡ್ಡೆ: ಒಂದು ಕಾಲೇಜು ಹಾಕಿ ತಂಡ ಬಿದ್ದು ಎದ್ದ ಬಗೆ

ಪ್ರಶ್ನೆ: ನಾವು ಗೋಣಿಕೊಪ್ಪದವರು. ಮನೆಯಲ್ಲಿ ಮೂರು ತಲೆಮಾರಿನಿಂದ ಹಾಕಿ ಆಡುತ್ತಾ ಬಂದಿದ್ದೇವೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದ ನನ್ನ ಮಗಳು ಈಗ ಅಮೆರಿಕದ ಮೇನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ. ಓರೊನೊ ಎಂಬ ಆ ಪುಟ್ಟ ಊರಿನಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಐಸ್ ಹಾಕಿಯದೇ ಮಾತಂತೆ. ಅಲ್ಲಿನ ಕಾಲೇಜು ತಂಡ ಒಂದು ಕಾಲದಲ್ಲಿ ದೇಶಕ್ಕೇ ಮೊದಲಾಗಿತ್ತು, ಆಮೇಲೆ ಹತ್ತು ಹನ್ನೆರಡು ವರ್ಷ ಹೇಳಹೆಸರಿಲ್ಲದಂತಾಯಿತು, ಈಗ ಮತ್ತೆ ಎದ್ದಿದೆ ಎನ್ನುತ್ತಾಳೆ. ಕ್ರೀಡಾಂಗಣ, ಜನ, ಹೆಸರು ಎಲ್ಲ ಇದ್ದೂ ಒಂದು ತಂಡ ಹಾಗೆ ಕುಸಿಯುವುದು ಹೇಗೆ? ಈಗಿನ ಏಳಿಗೆಯನ್ನು ನಂಬಬಹುದೇ? ಹುಲ್ಲಿನ ಮೇಲಿನ ಹಾಕಿ ಮಾತ್ರ ಬಲ್ಲ ನನಗೆ ಅರ್ಥವಾಗುವಂತೆ ಹೇಳಿ.

ಉತ್ತರ: ನೀವು ಕೊಡಗಿನವರಾದ್ದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ನಿಮಗೆ ಹಾಕಿಯನ್ನೂ ಬಿಡಿಸಿ ಹೇಳಬೇಕಾಗಿಲ್ಲ, ಕಾಫಿ ತೋಟವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಮೇನ್ ತಂಡದ ಕಥೆಗೆ ಇವೆರಡೂ ಬೇಕು. ಇಂದು ನೆಟ್ಟ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಈ ವರ್ಷ ಹೊಸ ಗಿಡ ನೆಡುವುದನ್ನು ಬಿಟ್ಟರೆ ಈ ವರ್ಷದ ಕೊಯ್ಲಿನಲ್ಲಿ ಒಂದು ಹಣ್ಣೂ ಕಡಿಮೆಯಾಗುವುದಿಲ್ಲ. ನೋಡುವವರಿಗೆ ತೋಟ ಹಸಿರಾಗಿಯೇ ಕಾಣುತ್ತದೆ. ಪೆಟ್ಟು ಬಿದ್ದದ್ದು ಗೊತ್ತಾಗುವುದು ನಾಲ್ಕು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ತೋಟದ ಉಸ್ತುವಾರಿ ಬೇರೆಯವರ ಕೈಗೆ ಬಂದಿದ್ದರೆ ಬೈಗುಳ ತಿನ್ನುವುದು ಅವರು.

ಅಮೆರಿಕದ ಕಾಲೇಜು ಹಾಕಿ ನಡೆಯುವುದು ಹೀಗೆಯೇ. ಒಬ್ಬ ಹುಡುಗನಿಗೆ ಆಡಲು ಸಿಗುವುದು ಸಾಮಾನ್ಯವಾಗಿ ನಾಲ್ಕೇ ವರ್ಷ. ತಂಡದಲ್ಲಿ ಇಪ್ಪತ್ತೈದು ಇಪ್ಪತ್ತಾರು ಜನ. ಪ್ರತಿ ವಸಂತದಲ್ಲಿ ಅವರಲ್ಲಿ ಕಾಲುಭಾಗ ಪದವಿ ಮುಗಿಸಿ ಹೊರಡುತ್ತಾರೆ. ಚೆನ್ನಾಗಿ ಆಡುವವರು ಪದವಿಗೂ ಕಾಯದೆ ವೃತ್ತಿಪರ ಲೀಗ್ ಸೇರುತ್ತಾರೆ. ಅವರ ಜಾಗಕ್ಕೆ ಬರಬೇಕಾದವರನ್ನು ಹದಿನಾರು ಹದಿನೇಳರ ವಯಸ್ಸಿನಲ್ಲೇ ಗುರುತಿಸಿ, ಅವರ ಮನೆಗೆ ಹೋಗಿ, ತಂದೆ ತಾಯಿಯರನ್ನು ಒಪ್ಪಿಸಿ ಬರಬೇಕು. ಪೂರ್ಣ ವಿದ್ಯಾರ್ಥಿವೇತನಗಳ ಮಿತಿ ಬಹುಕಾಲ 18 ಇತ್ತು. ಅದನ್ನು ಯಾರಿಗೆ ಎಷ್ಟು ಹಂಚುವುದು ಎಂಬ ಲೆಕ್ಕವೇ ಒಂದು ವಿದ್ಯೆ. ಹಾಗಾಗಿ ತರಬೇತುದಾರನ ನಿಜವಾದ ಕೆಲಸ ನಡೆಯುವುದು ಅಂಕಣದಲ್ಲಲ್ಲ. ಹಿಮ ಬೀಳುವ ರಸ್ತೆಗಳಲ್ಲಿ, ಯಾರೂ ಹೆಸರು ಕೇಳದ ಊರುಗಳ ಸಣ್ಣ ಮೈದಾನಗಳಲ್ಲಿ.

ಆಟದ ಬಗ್ಗೆ ಎರಡು ಮಾತು. ಅಂಕಣ 200 ಅಡಿ ಉದ್ದ, 85 ಅಡಿ ಅಗಲ, ಸುತ್ತಲೂ ಹಲಗೆಯ ಗೋಡೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. ಇಪ್ಪತ್ತು ನಿಮಿಷದ ಮೂರು ಅವಧಿಗಳು. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕ. ಪುಟಿಯದಿರಲೆಂದು ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ನಾನು ಬಾಸ್ಟನ್ನಿನ ಬಳಿ ಕೆಲಸದಲ್ಲಿದ್ದ ವರ್ಷಗಳಲ್ಲಿ ಒಮ್ಮೆ ಗ್ಯಾಲರಿಗೆ ಹಾರಿ ಬಂದ ಪಕ್ ನನ್ನ ಕಾಲ ಬಳಿ ಬಿತ್ತು. ಕೈಗೆತ್ತಿಕೊಂಡರೆ ಜನವರಿಯ ಹೊಳೆಯ ಕಲ್ಲು ಹಿಡಿದಂತೆ ತಣ್ಣಗಿತ್ತು; ಒಂದು ಅಂಚಿನಲ್ಲಿ ಕೋಲು ತಾಗಿ ಬಿಳಿಯ ಗೀರು ಬಿದ್ದಿತ್ತು. ಇಲ್ಲಿ ನೀವು ಗಮನಿಸಬೇಕಾದದ್ದು ಇನ್ನೊಂದಿದೆ. ಈ ಆಟದಲ್ಲಿ ಯಾವ ಆಟಗಾರನೂ ಒಂದೇ ಸಮನೆ ಆಡುವುದಿಲ್ಲ. ನಲವತ್ತು ಐವತ್ತು ಸೆಕೆಂಡ್ ಜೀವ ಬಿಟ್ಟು ಓಡಿ ಬೆಂಚಿಗೆ ಮರಳುತ್ತಾನೆ, ಇನ್ನೊಬ್ಬ ಹಲಗೆ ಹಾರಿ ಒಳಗೆ ಬರುತ್ತಾನೆ. ಆದ್ದರಿಂದ ಐದಾರು ಜನ ಒಳ್ಳೆಯವರಿದ್ದರೆ ಸಾಲದು, ಇಪ್ಪತ್ತು ಜನ ಬೇಕು. ಒಂದು ವರ್ಷದ ಆಯ್ಕೆ ಹುಸಿಯಾದರೆ ಸಾಲಿನಲ್ಲಿ ಬಿದ್ದ ತೂತು ನಾಲ್ಕು ವರ್ಷ ಮುಚ್ಚುವುದಿಲ್ಲ.

ಇನ್ನು ಊರಿನ ವಿಷಯ. ಮೇನ್ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯ, ಇಡೀ ರಾಜ್ಯದ ಜನಸಂಖ್ಯೆ ಹದಿನಾಲ್ಕು ಲಕ್ಷದಷ್ಟು. ದೊಡ್ಡ ವೃತ್ತಿಪರ ಲೀಗುಗಳ ಒಂದು ತಂಡವೂ ಅಲ್ಲಿಲ್ಲ. ಓರೊನೊದಿಂದ ಬಾಸ್ಟನ್ನಿಗೆ ಕಾರಿನಲ್ಲಿ ನಾಲ್ಕು ಗಂಟೆಯ ದಾರಿ. ಹೀಗಿರುವಾಗ ವಿಶ್ವವಿದ್ಯಾಲಯದ ಹುಡುಗರು ನೀಲಿ ಬಿಳಿ ಅಂಗಿ ತೊಟ್ಟು ಅಂಕಣಕ್ಕಿಳಿದರೆ ಅವರು ಇಡೀ ರಾಜ್ಯದ ತಂಡ. ಮರ ಕಡಿಯುವವರು, ಕಾಗದದ ಕಾರ್ಖಾನೆಯಲ್ಲಿ ದುಡಿದವರು, ಶಾಲೆಯ ಮೇಷ್ಟರು ವರ್ಷವರ್ಷವೂ ಅದೇ ಕುರ್ಚಿಗೆ ಬಂದು ಕೂರುತ್ತಾರೆ. ಕೊಡವ ಹಾಕಿ ಹಬ್ಬದಲ್ಲಿ ಮನೆತನದ ಹೆಸರು ಹೊತ್ತು ಆಡುವಾಗ ಗ್ಯಾಲರಿಯಿಂದ ಏಳುವ ಕೂಗು ನಿಮಗೆ ಗೊತ್ತಲ್ಲ, ಇದೂ ಅದೇ ಜಾತಿಯ ಕೂಗು.

ಆ ಕೂಗಿಗೆ ಮನೆ ಕಟ್ಟಿಕೊಟ್ಟವರು ಹ್ಯಾರಲ್ಡ್ ಆಲ್ಫಂಡ್. ಮೇನ್‌ನ ಡೆಕ್ಸ್ಟರ್ ಎಂಬ ಊರಿನಲ್ಲಿ ಚಪ್ಪಲಿ ಬೂಟಿನ ಕಾರ್ಖಾನೆ ನಡೆಸಿ ಶ್ರೀಮಂತರಾದವರು. ಅವರ ದಾನದಿಂದ ಎದ್ದ ಆಲ್ಫಂಡ್ ಅರೀನಾ 1977ರಲ್ಲಿ ಬಾಗಿಲು ತೆರೆಯಿತು, ಅದೇ ವರ್ಷ ತಂಡವೂ ವಿಶ್ವವಿದ್ಯಾಲಯದ ಅಧಿಕೃತ ತಂಡವಾಗಿ ಕಣಕ್ಕಿಳಿಯಿತು. ಐದು ಸಾವಿರದಷ್ಟು ಜನ ಹಿಡಿಸುವ ಆ ಕಟ್ಟಡ ದೊಡ್ಡದಲ್ಲ. ಆದರೆ ಜನ ಅಂಕಣದ ಮೈಮೇಲೆ ಬಂದಂತೆ ಕೂರುವುದರಿಂದ ಸದ್ದು ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ. ಎದುರಾಳಿ ಗೋಲ್‌ಕೀಪರನಿಗೆ ತನ್ನ ಜೊತೆಯವರ ಮಾತು ಕೇಳಿಸುವುದಿಲ್ಲ.

1984ರಲ್ಲಿ ಶಾನ್ ವಾಲ್ಶ್ ಅಲ್ಲಿಗೆ ಮುಖ್ಯ ತರಬೇತುದಾರರಾಗಿ ಬಂದರು, ವಯಸ್ಸು 29. ಅದಕ್ಕೆ ಮುಂಚೆ ಮಿಷಿಗನ್ ಸ್ಟೇಟ್‌ನಲ್ಲಿ ರಾನ್ ಮೇಸನ್ ಎಂಬ ದೊಡ್ಡ ಗುರುವಿನ ಸಹಾಯಕರಾಗಿದ್ದರು. ಮೊದಲ ಎರಡು ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಬಹಳ ಹೆಚ್ಚು. ಆದರೆ ಆ ಎರಡು ವರ್ಷ ಅವರು ನೆಡುತ್ತಿದ್ದರು. ನಂತರ ಜೊತೆಗೂಡಿದ ಸಹಾಯಕ ಗ್ರಾಂಟ್ ಸ್ಟ್ಯಾಂಡ್‌ಬ್ರೂಕ್ ಅವರಿಗೆ ಹುಡುಗರಲ್ಲಿ ಮುಂದಿನ ಆಟಗಾರನನ್ನು ಕಾಣುವ ಕಣ್ಣಿತ್ತು, ಗೋಲ್‌ಕೀಪರುಗಳ ವಿಷಯದಲ್ಲಂತೂ ವಿಶೇಷವಾಗಿ. 1987ರಲ್ಲಿ ತಂಡ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೆ ಹೋಯಿತು. 1988ರಲ್ಲೂ 1989ರಲ್ಲೂ ಕೊನೆಯ ನಾಲ್ಕರಲ್ಲಿ ನಿಂತಿತು. 1992ರಲ್ಲಿ ಸ್ಕಾಟ್ ಪೆಲೆರಿನ್ ಅವರಿಗೆ ಹೋಬಿ ಬೇಕರ್ ಪ್ರಶಸ್ತಿ ಬಂತು. ಕಾಲೇಜು ಹಾಕಿಯ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವುದು ಅದು. ಅದೇ ವರ್ಷದ ಕೊನೆಗೆ ಕೆನಡಾದ ಪಶ್ಚಿಮ ತುದಿಯಿಂದ ಪಾಲ್ ಕಾರಿಯ ಎಂಬ ಸಣ್ಣ ಮೈಕಟ್ಟಿನ ಹುಡುಗ ಬಂದ. ಪೆಂಟಿಕ್ಟನ್ ಎಂಬ ಊರಿನ ಕಿರಿಯರ ತಂಡದಲ್ಲಿ ಆಡಿದವನು. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1992-93ರ ಆ ತಂಡದ ಬಗ್ಗೆ ಬರೆಯಲು ಕೂತರೆ ನನಗೆ ಈಗಲೂ ರೋಮಾಂಚನವಾಗುತ್ತದೆ. 42 ಗೆಲುವು, 2 ಸಮ, 1 ಸೋಲು. ಒಂದೇ ಸೋಲು! ಅದೂ ಬಾಸ್ಟನ್ ವಿಶ್ವವಿದ್ಯಾಲಯದ ಎದುರು ಹೆಚ್ಚುವರಿ ಅವಧಿಯಲ್ಲಿ, 7-6ರಿಂದ. ಕಾರಿಯ 39 ಪಂದ್ಯಗಳಲ್ಲಿ 25 ಗೋಲು ಹೊಡೆದು 75 ಗೋಲುಗಳಿಗೆ ನೆರವಾದ, ಒಟ್ಟು ಸರಿಯಾಗಿ ನೂರು ಅಂಕ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಹೋಬಿ ಬೇಕರ್ ಸಿಕ್ಕಿದ್ದು ಅದೇ ಮೊದಲು. ಗೋಲಿನಲ್ಲಿ ಗಾರ್ಥ್ ಸ್ನೋ, ಮೈಕ್ ಡನ್‌ಹ್ಯಾಮ್ ಎಂಬ ಇಬ್ಬರು, ಇಬ್ಬರೂ ಮುಂದೆ ಅಮೆರಿಕದ ಒಲಿಂಪಿಕ್ ತಂಡದಲ್ಲಿ ಆಡಿದವರು. ನಾಯಕ ಜಿಮ್ ಮಾಂಟ್‌ಗಮರಿ.

ಫೈನಲ್ ಏಪ್ರಿಲ್ 3ರಂದು ಮಿಲ್ವಾಕಿಯಲ್ಲಿ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಲೇಕ್ ಸುಪೀರಿಯರ್ ಸ್ಟೇಟ್, ಅದೂ ಒಂದು ಪುಟ್ಟ ಊರಿನ ಕಾಲೇಜು. ಮೇನ್ ಮೊದಲು ಎರಡು ಗೋಲು ಹೊಡೆಯಿತು, ಆಮೇಲೆ ಲೇಕ್ ಸುಪೀರಿಯರ್ ನಾಲ್ಕು ಹೊಡೆಯಿತು. ಎರಡನೆಯ ಅವಧಿ ಮುಗಿದಾಗ 4-2. ವರ್ಷವಿಡೀ ಒಂದೇ ಪಂದ್ಯ ಸೋತ ತಂಡ ಕೊನೆಯ ಇಪ್ಪತ್ತು ನಿಮಿಷಕ್ಕೆ ಎರಡು ಗೋಲು ಹಿಂದೆ ಬಿದ್ದು ಒಳಗೆ ಹೋಯಿತು. ವಾಲ್ಶ್ ಗೋಲ್‌ಕೀಪರನನ್ನು ಬದಲಿಸಿದರು. ಮೂರನೆಯ ಅವಧಿಯಲ್ಲಿ ಕಾರಿಯ ಪಕ್ ಹಿಡಿದು ಗೋಲಿನ ಆಸುಪಾಸಿಗೆ ಬಂದಾಗಲೆಲ್ಲ ಎದುರಾಳಿಗಳು ಅವನ ಕಡೆಗೇ ವಾಲಿದರು, ಅವನು ಪಕ್ ಅನ್ನು ಮಾಂಟ್‌ಗಮರಿಯ ಕೋಲಿಗೆ ಸೇರಿಸಿದ. ಒಮ್ಮೆ, ಎರಡು ಬಾರಿ, ಮೂರು ಬಾರಿ. ಐದು ನಿಮಿಷದೊಳಗೆ ಮಾಂಟ್‌ಗಮರಿಯ ಹ್ಯಾಟ್ರಿಕ್, ಮೂರಕ್ಕೂ ಕಾರಿಯನದೇ ನೆರವು. 5-4. ರಾಜ್ಯದ ಇತಿಹಾಸದಲ್ಲೇ ಇಂಥದ್ದು ಮೊದಲು. ಮಾಂಟ್‌ಗಮರಿ ಮುಂದೆ ತರಬೇತುದಾರರಾಗಿ ಡೆನ್ವರ್ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಅವರ ಕೈಕೆಳಗೆ ಬಾಸ್ಟನ್ ಬ್ರೂಯಿನ್ಸ್ ಎಂಬ ವೃತ್ತಿಪರ ತಂಡ 2022-23ರಲ್ಲಿ 65 ಪಂದ್ಯ ಗೆದ್ದು ಲೀಗಿನ ದಾಖಲೆ ಬರೆಯಿತು. ಮೇನ್‌ನಲ್ಲಿ ಅವರ 301 ಅಂಕಗಳ ದಾಖಲೆಯನ್ನು ಇಂದಿಗೂ ಯಾರೂ ಮುಟ್ಟಿಲ್ಲ.

ಈಗ ಕುಸಿತಕ್ಕೆ ಬರುತ್ತೇನೆ. ಮೊದಲ ಕುಸಿತ ಗೆದ್ದ ಮರುವರ್ಷವೇ ಬಂತು. 1994ರ ಒಲಿಂಪಿಕ್ಸ್‌ಗೆಂದು ಇಬ್ಬರೂ ಗೋಲ್‌ಕೀಪರುಗಳು ದೇಶದ ತಂಡಕ್ಕೆ ಹೋದರು, ಕಾರಿಯ ಋತುವಿನ ನಡುವೆ ಕೆನಡಾ ತಂಡ ಸೇರಿದ. ಅದು ಸಹಜವಾದ ನಷ್ಟ, ಯಾರ ತಪ್ಪೂ ಅಲ್ಲ. ತಪ್ಪು ಕಚೇರಿಯಲ್ಲಿ ನಡೆದಿತ್ತು. ಆಡಲು ಅರ್ಹತೆ ಇಲ್ಲದವರನ್ನು ಆಡಿಸಿದ್ದು ಹೊರಬಿತ್ತು. ಅಂಕಣದಲ್ಲಿ ಗೆದ್ದ ಹಲವು ಪಂದ್ಯಗಳು ಕಡತದಲ್ಲಿ ಸೋಲಾದವು. ವಿಚಾರಣೆ ಬೆಳೆಯಿತು. 1995ರ ಡಿಸೆಂಬರಿನಿಂದ ಒಂದು ವರ್ಷ ವಿಶ್ವವಿದ್ಯಾಲಯ ವಾಲ್ಶ್ ಅವರನ್ನು ಸಂಬಳವಿಲ್ಲದೆ ಅಮಾನತಿನಲ್ಲಿಟ್ಟಿತು. 1996 ಮತ್ತು 1997ರ ರಾಷ್ಟ್ರೀಯ ಟೂರ್ನಿಗಳ ಬಾಗಿಲು ತಂಡಕ್ಕೆ ಮುಚ್ಚಿತು, ವಿದ್ಯಾರ್ಥಿವೇತನಗಳಿಗೂ ಕತ್ತರಿ ಬಿತ್ತು. ವಾಲ್ಶ್ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೂ ಇದನ್ನು ಮರೆಸಿ ಬರೆಯಲಾರೆ. ನಿಯಮದ ಪುಸ್ತಕವನ್ನು ಓದಿ ಪಾಲಿಸುವುದು ತರಬೇತುದಾರನ ಹೊಣೆ, ಅದರ ಬೆಲೆ ತೆತ್ತವರು ನಿಯಮ ಮುರಿಯದ ಹುಡುಗರು.

ಆದರೂ ತಂಡ ಸತ್ತಿರಲಿಲ್ಲ. ಶಿಕ್ಷೆಯ ವರ್ಷಗಳಲ್ಲೂ ಹೊಸಬರನ್ನು ತರುವ ಕೆಲಸ ನಿಂತಿರಲಿಲ್ಲ. 1999ರ ಏಪ್ರಿಲಿನಲ್ಲಿ, ಕಾರಿಯನ ತಮ್ಮ ಸ್ಟೀವ್ ನಾಯಕನಾಗಿದ್ದ ತಂಡ, ಪಕ್ಕದ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನ ತಂಡವನ್ನು ಫೈನಲಿನ ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಸೋಲಿಸಿತು. ಗೆಲುವಿನ ಗೋಲು ಮಾರ್ಕಸ್ ಗುಸ್ತಾಫ್ಸನ್ ಅವರದು. ಎರಡು ಹೆಚ್ಚುವರಿ ಅವಧಿಯ ಪಂದ್ಯಗಳನ್ನು ಬೆನ್ನುಬೆನ್ನಿಗೆ ಗೆದ್ದು ತಂದ ಪ್ರಶಸ್ತಿ ಅದು, ಸೆಮಿಫೈನಲಿನಲ್ಲಿ ಬಾಸ್ಟನ್ ಕಾಲೇಜು ಸೋತದ್ದೂ ಹೆಚ್ಚುವರಿ ಅವಧಿಯಲ್ಲೇ. 1993ರ ತಂಡ ಹೆಚ್ಚು ಪ್ರತಿಭಾವಂತವಾಗಿತ್ತು. ನನ್ನ ಮನಸ್ಸಿಗೆ ಹತ್ತಿರವಾದದ್ದು 1999ರ ತಂಡ.

ಮರುವರ್ಷ ವಾಲ್ಶ್ ಅವರಿಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೇ ಒಂದು ಋತುವಿಡೀ ಬೆಂಚಿನ ಹಿಂದೆ ನಿಂತರು. 2001ರ ಸೆಪ್ಟೆಂಬರ್ 24ರಂದು ತೀರಿಕೊಂಡರು, 46 ವರ್ಷ. ಋತು ಆರಂಭವಾಗಲು ಕೆಲವೇ ದಿನ ಬಾಕಿಯಿತ್ತು.

ಸಹಾಯಕರಾಗಿ ಬಂದಿದ್ದ ಟಿಮ್ ವೈಟ್‌ಹೆಡ್ ಆ ಭಾರ ಹೊತ್ತರು. ದುಃಖದಲ್ಲಿದ್ದ ಹುಡುಗರನ್ನು ಅವರು ಅದೇ ವರ್ಷ ಫೈನಲಿಗೆ ಒಯ್ದರು. ಎದುರಾಳಿ ಮಿನ್ನೆಸೋಟ, ಪಂದ್ಯ ಮಿನ್ನೆಸೋಟದವರದೇ ನೆಲ ಸೇಂಟ್ ಪಾಲ್‌ನಲ್ಲಿ. ಕೊನೆಯ ಒಂದು ನಿಮಿಷಕ್ಕೆ ಮೇನ್ 3-2ರಿಂದ ಮುಂದಿತ್ತು. 53 ಸೆಕೆಂಡ್ ಉಳಿದಿದ್ದಾಗ ಗೋಲು ಬಿಟ್ಟಿತು. ಹೆಚ್ಚುವರಿ ಅವಧಿಯಲ್ಲಿ ಒಬ್ಬ ಆಟಗಾರ ಶಿಕ್ಷೆಗೆ ಹೊರಗೆ ಕೂತಿದ್ದಾಗ ಇನ್ನೊಂದು ಗೋಲು ಬಿತ್ತು. ಗ್ಯಾಲರಿಯಲ್ಲಿದ್ದ ಮೇನ್‌ನವರಿಗೆ ಆ 53 ಸೆಕೆಂಡ್ ಇಂದಿಗೂ ಮುಗಿದಿಲ್ಲ. ಎರಡು ವರ್ಷದ ನಂತರ ಬಾಸ್ಟನ್ನಿನಲ್ಲಿ ಡೆನ್ವರ್ ಎದುರು ಮತ್ತೊಂದು ಫೈನಲ್. ಮೇನ್ ಹೊಡೆದ ಒಂದು ಗೋಲನ್ನು, ಆಟಗಾರನ ಸ್ಕೇಟ್ ಗೋಲ್‌ಕೀಪರನ ಗೆರೆಯೊಳಗಿತ್ತೆಂದು ಅಂಪೈರುಗಳು ತಳ್ಳಿಹಾಕಿದರು. ಕೊನೆಯ ಗಳಿಗೆಯಲ್ಲಿ ಡೆನ್ವರ್‌ನ ಇಬ್ಬರು ಹೊರಗಿದ್ದರು, ಮೇನ್ ತನ್ನ ಗೋಲ್‌ಕೀಪರನನ್ನೂ ಎತ್ತಿ ಆರು ಜನರಿಂದ ಮೂವರ ಮೇಲೆ ಮುಗಿಬಿತ್ತು. ಪಕ್ ಒಳಗೆ ಹೋಗಲಿಲ್ಲ. 1-0. ಒಂದೇ ತಂಡ ಎರಡು ಫೈನಲುಗಳನ್ನು ಒಂದೊಂದೇ ಗೋಲಿನಿಂದ ಸೋತಿತು.

2006, 2007ರಲ್ಲೂ ಕೊನೆಯ ನಾಲ್ಕರಲ್ಲಿ ಮೇನ್ ಇತ್ತು. ಹೊರಗಿನವರು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ನಿಮ್ಮ ಪ್ರಶ್ನೆಯ ಉತ್ತರ ಇರುವುದು ಇಲ್ಲೇ. 2002ರಲ್ಲಿ ಆಡಿದವರನ್ನು ಕರೆತಂದವರು ವಾಲ್ಶ್. 2004ರ ತಂಡದ ಹಿರಿಯರೂ ಅವರ ಕಾಲದ ಮಾತಿಗೆ ಒಪ್ಪಿ ಬಂದವರೇ. ಆ ಬೇರಿನ ಬಲ ಇನ್ನೂ ಕೆಲವು ವರ್ಷ ಇತ್ತು. ಅಷ್ಟರಲ್ಲಿ ಸುತ್ತಮುತ್ತ ಎಷ್ಟೋ ಬದಲಾಗಿತ್ತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ 1993ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ಗೆ 1995ರಲ್ಲಿ, ಲೋವೆಲ್‌ಗೆ 1998ರಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯಕ್ಕೆ 2005ರಲ್ಲಿ ಹೊಸ ಅರೀನಾಗಳು ಬಂದವು. ಒಮ್ಮೆ ಎದುರಾಳಿಗಳು ಅಸೂಯೆಪಟ್ಟ ಆಲ್ಫಂಡ್ ಅರೀನಾ ಹಳೆಯದಾಯಿತು. ಹದಿನೇಳರ ಹುಡುಗನೊಬ್ಬ ಬಾಸ್ಟನ್ನಿನ ಹೊಳೆಯುವ ಕೊಠಡಿಗಳನ್ನು ನೋಡಿ ಆಮೇಲೆ ನಾಲ್ಕು ಗಂಟೆ ಕಾಡಿನ ದಾರಿಯಲ್ಲಿ ಬಂದು ಓರೊನೊದ ಬಟ್ಟೆ ಬದಲಿಸುವ ಕೊಠಡಿ ನೋಡಿದರೆ ಅವನನ್ನು ಒಪ್ಪಿಸಲು ಮಾತಿನ ಬಲವೊಂದೇ ಉಳಿಯುತ್ತದೆ. ಆ ಮಾತು ಬಲ್ಲ ವಾಲ್ಶ್ ಇರಲಿಲ್ಲ. ಸ್ಟ್ಯಾಂಡ್‌ಬ್ರೂಕ್ ಕೂಡ ನಿವೃತ್ತರಾದರು. ಜಿಮ್ಮಿ ಹೊವಾರ್ಡ್, ಬೆನ್ ಬಿಷಪ್‌ರಂಥ ಗೋಲ್‌ಕೀಪರುಗಳು ಪದವಿಗೆ ಮುಂಚೆಯೇ ವೃತ್ತಿಪರ ಲೀಗಿಗೆ ಹೋದರು.

ಹೀಗೆ ಒಂದು ಸಾಲು, ಮರುವರ್ಷ ಇನ್ನೊಂದು ಸಾಲು ತೆಳುವಾಯಿತು. 2012ರಲ್ಲಿ ಒಮ್ಮೆ ರಾಷ್ಟ್ರೀಯ ಟೂರ್ನಿ ತಲುಪಿದ್ದು ಬಿಟ್ಟರೆ ತಂಡ ಕೆಳಗಿಳಿಯುತ್ತಲೇ ಹೋಯಿತು. 2013ರಲ್ಲಿ ವೈಟ್‌ಹೆಡ್ ಅವರನ್ನು ಕೆಲಸದಿಂದ ತೆಗೆದರು. 2002ರಲ್ಲಿ ದೇಶದ ವರ್ಷದ ತರಬೇತುದಾರರೆಂದು ಗೌರವ ಪಡೆದ ಅದೇ ವೈಟ್‌ಹೆಡ್. ಅವರ ಕಾಲದಲ್ಲಿ ತಪ್ಪುಗಳಾಗಿಲ್ಲ ಎನ್ನುವುದಿಲ್ಲ. ಆದರೆ ಸತ್ತ ಗುರುವಿನ ಕುರ್ಚಿಯಲ್ಲಿ ಕೂತು, ಹಳೆಯ ಕಟ್ಟಡ ತೋರಿಸಿ, ನಾಲ್ಕು ಬಾರಿ ಗೆಲುವಿನ ಹೊಸ್ತಿಲಿಗೆ ಹೋಗಿ ಬಂದ ಆ ಮನುಷ್ಯನಿಗೆ ಮೇನ್‌ನ ಜನ ಇನ್ನಷ್ಟು ಕೃತಜ್ಞರಾಗಿರಬೇಕಿತ್ತು ಎಂದು ನಾನು ನಂಬುತ್ತೇನೆ.

ನಂತರ ಬಂದವರು ರೆಡ್ ಜೆಂಡ್ರನ್. 1993ರ ತಂಡದಲ್ಲಿ ವಾಲ್ಶ್ ಅವರ ಸಹಾಯಕರಾಗಿದ್ದವರು, 2013ರಲ್ಲಿ ಯೇಲ್ ವಿಶ್ವವಿದ್ಯಾಲಯ ಚಾಂಪಿಯನ್ ಆದಾಗಲೂ ಸಹಾಯಕರಾಗಿದ್ದವರು. ಎಂಟು ಋತು ದುಡಿದರು. 2019-20ರಲ್ಲಿ ಗೋಲಿನಲ್ಲಿ ಜೆರೆಮಿ ಸ್ವೇಮನ್ ಎಂಬ ಅಲಾಸ್ಕಾದ ಹುಡುಗ ಗೋಡೆಯಂತೆ ನಿಂತ. ಆ ವರ್ಷ ದೇಶದ ಶ್ರೇಷ್ಠ ಕಾಲೇಜು ಗೋಲ್‌ಕೀಪರ್ ಪ್ರಶಸ್ತಿ ಅವನಿಗೆ ಬಂತು. ಎಷ್ಟೋ ವರ್ಷದ ಮೇಲೆ ಟೂರ್ನಿಯ ಬಾಗಿಲು ಕಾಣಿಸಿತು. ಮಾರ್ಚ್ 2020, ಕೊರೊನಾ, ಟೂರ್ನಿಯೇ ರದ್ದು. ಮರುವರ್ಷ ಆಡಿದ್ದು 16 ಪಂದ್ಯ, ಗೆದ್ದದ್ದು 3. 2021ರ ಏಪ್ರಿಲ್ 9ರಂದು ಗಾಲ್ಫ್ ಆಡುತ್ತಿದ್ದ ಜೆಂಡ್ರನ್ ಅಲ್ಲೇ ಕುಸಿದು ತೀರಿಕೊಂಡರು. ಇಪ್ಪತ್ತು ವರ್ಷದಲ್ಲಿ ಈ ತಂಡ ಹುದ್ದೆಯಲ್ಲಿದ್ದ ಇಬ್ಬರು ತರಬೇತುದಾರರನ್ನು ಮಣ್ಣು ಮಾಡಿತು.

ಆ ಹೊತ್ತಿನಲ್ಲಿ ತಂಡ ಮುಚ್ಚಿಹೋಗಬಹುದೇ ಎಂಬ ಭಯವೂ ಅಸಂಗತವಾಗಿರಲಿಲ್ಲ. ಸ್ವೇಮನ್ ಹುಟ್ಟಿ ಬೆಳೆದ ಆಂಕರೇಜಿನಲ್ಲಿ 2020ರಲ್ಲಿ ವಿಶ್ವವಿದ್ಯಾಲಯ ತನ್ನ ಹಾಕಿ ತಂಡವನ್ನೇ ಕೈಬಿಡಲು ತೀರ್ಮಾನಿಸಿತ್ತು. ಊರಿನವರು ಮೂವತ್ತು ಲಕ್ಷ ಡಾಲರ್ ಕೂಡಿಸಿ ಕೊಟ್ಟ ಮೇಲೆ 2022ರಲ್ಲಿ ತಂಡ ಮತ್ತೆ ಅಂಕಣಕ್ಕಿಳಿಯಿತು. ಅಲಬಾಮದ ಹಂಟ್ಸ್‌ವಿಲ್ ತಂಡವನ್ನು 2021ರಲ್ಲಿ ನಿಲ್ಲಿಸಿದರು. ಮಿಲ್ವಾಕಿಯಲ್ಲಿ ಮೇನ್‌ಗೆ ಸೋತ ಲೇಕ್ ಸುಪೀರಿಯರ್ 1994ರಲ್ಲಿ ಮತ್ತೆ ಚಾಂಪಿಯನ್ ಆಗಿತ್ತು. ಅದೇ ತಂಡ 1996ರ ನಂತರ ರಾಷ್ಟ್ರೀಯ ಟೂರ್ನಿಯ ಮುಖ ನೋಡಿದ್ದು 2021ರಲ್ಲಿ, ಇಪ್ಪತ್ತೈದು ವರ್ಷ ಕಾದು.

ಮೇನ್‌ನ ಬೆನ್ನಿಗೆ ನಿಂತದ್ದು ಮತ್ತೆ ಆಲ್ಫಂಡ್ ಹೆಸರು. ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ತಂಡ ಮೊದಲ ಪ್ರಶಸ್ತಿ ಗೆದ್ದ 1993ರಲ್ಲೇ ಆಲ್ಫಂಡ್ ತಮ್ಮ ಬೂಟಿನ ಕಂಪನಿಯನ್ನು ವಾರನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇಗೆ ಮಾರಿದರು. ನಗದು ಬೇಡ, ಷೇರು ಕೊಡಿ ಎಂದರು. ವಿದೇಶದ ಅಗ್ಗದ ಬೂಟುಗಳ ಮುಂದೆ ಡೆಕ್ಸ್ಟರ್ ಕಾರ್ಖಾನೆ ನಿಲ್ಲಲಿಲ್ಲ, 2001ರಲ್ಲಿ ಮೇನ್‌ನಲ್ಲಿ ತಯಾರಿಕೆ ನಿಂತಿತು. ತಾನು ಮಾಡಿದ ಅತಿ ಕೆಟ್ಟ ವ್ಯವಹಾರ ಅದೆಂದು ಬಫೆಟ್ ಮುಂದೆ ಒಪ್ಪಿಕೊಂಡರು. ಆದರೆ ಆಲ್ಫಂಡ್ ಮನೆತನದ ಕೈಯಲ್ಲಿದ್ದ ಷೇರು ಬೆಳೆಯುತ್ತಾ ಹೋಯಿತು. ಹ್ಯಾರಲ್ಡ್ ಆಲ್ಫಂಡ್ 2007ರಲ್ಲಿ ತೀರಿಕೊಂಡರು. 2020ರಲ್ಲಿ ಅವರ ಹೆಸರಿನ ಪ್ರತಿಷ್ಠಾನ ವಿಶ್ವವಿದ್ಯಾಲಯದ ಕ್ರೀಡಾ ಸೌಲಭ್ಯಗಳಿಗೆ ಒಂಬತ್ತು ಕೋಟಿ ಡಾಲರ್ ಘೋಷಿಸಿತು. ಕೊರೊನಾದಿಂದ ಎಲ್ಲ ಕಾಲೇಜುಗಳೂ ಖರ್ಚು ಕಡಿಮೆ ಮಾಡುತ್ತಿದ್ದ ವರ್ಷ ಅದು.

2021ರ ಮೇ ತಿಂಗಳಲ್ಲಿ ಬೆನ್ ಬಾರ್ ಬಂದರು. ಆ ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮ್ಯಾಸಚೂಸೆಟ್ಸ್ ತಂಡದ ಸಹಾಯಕರು, ಆಟಗಾರರನ್ನು ಹುಡುಕಿ ತರುವುದರಲ್ಲಿ ಹೆಸರಾದವರು. ಅವರ ಮೊದಲ ನಾಲ್ಕು ವರ್ಷದ ಗೆಲುವುಗಳನ್ನು ಸಾಲಾಗಿ ಬರೆಯುತ್ತೇನೆ, ತೋಟದ ಲೆಕ್ಕ ಬಲ್ಲ ನೀವು ನೋಡಿ: 7, 15, 23, 24. ಮೊದಲ ವರ್ಷ 22 ಸೋಲು! ಯಾರೂ ಗಾಬರಿಯಾಗಿ ಗಿಡ ಕೀಳಲಿಲ್ಲ. ಮೂರನೆಯ ವರ್ಷ ಬ್ರಾಡ್ಲಿ ಮತ್ತು ಜಾಷ್ ನಡೂ ಎಂಬ ಅಣ್ಣತಮ್ಮಂದಿರು ಬಂದರು. ಮೇನ್ ಗಡಿಗೆ ಅಂಟಿಕೊಂಡ ಕೆನಡಾದ ಹಳ್ಳಿಯವರು. ಆದರೆ ಓರೊನೊಗೆ ಬಂದದ್ದು ಪೆಂಟಿಕ್ಟನ್ ತಂಡದ ಮೂಲಕ, ಕಾರಿಯ ಬಂದ ಅದೇ ಊರಿನಿಂದ. 2024ರಲ್ಲಿ ಮೇನ್ ಹನ್ನೆರಡು ವರ್ಷದ ಮೇಲೆ ರಾಷ್ಟ್ರೀಯ ಟೂರ್ನಿ ತಲುಪಿತು, ಕಾರ್ನೆಲ್ ಎದುರು 3-1ರಿಂದ ಸೋತಿತು. 2025ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ಕನೆಕ್ಟಿಕಟ್ ತಂಡವನ್ನು 5-2ರಿಂದ ಮಣಿಸಿ, ತಾನಿರುವ ಹಾಕಿ ಈಸ್ಟ್ ಲೀಗಿನ ಟೂರ್ನಿಯನ್ನು 2004ರ ನಂತರ ಮೊದಲ ಬಾರಿ ಗೆದ್ದಿತು. ಮರುವಾರ ಪೆನ್ ಸ್ಟೇಟ್ ಎದುರು 5-1ರಿಂದ ಬಿದ್ದದ್ದೂ ನಿಜ. ಆ ಪೆನ್ ಸ್ಟೇಟ್ ಅಧಿಕೃತ ತಂಡ ಕಟ್ಟಿದ್ದೇ 2012ರಲ್ಲಿ, ಒಬ್ಬ ಉದ್ಯಮಿ ಕೊಟ್ಟ ಎಂಟೂವರೆ ಕೋಟಿ ಡಾಲರಿಗೂ ಮೀರಿದ ದಾನದಿಂದ.

ಈ ಏಳಿಗೆಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಂಬಿ, ಆದರೆ ಹಳೆಯ ಲೆಕ್ಕದಲ್ಲಿ ಅಲ್ಲ. ಮೊದಲು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಆಟಗಾರ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಈಗ ಬೆಳೆದ ಗಿಡವನ್ನೇ ಬೇರು ಸಹಿತ ಕಿತ್ತು ಪಕ್ಕದ ತೋಟದವರು ಒಯ್ಯಬಹುದು. ಕೆನಡಾದ ಪ್ರಮುಖ ಕಿರಿಯರ ಲೀಗುಗಳಲ್ಲಿ ಆಡಿದವರಿಗೆ ಕಾಲೇಜು ಹಾಕಿಯ ಬಾಗಿಲು ಬಹುಕಾಲ ಮುಚ್ಚಿತ್ತು, 2025ರ ಆಗಸ್ಟಿನಿಂದ ಅದೂ ತೆರೆದಿದೆ. ಕ್ರೀಡಾ ಆದಾಯದಲ್ಲಿ ಆಟಗಾರರಿಗೆ ಪಾಲು ಕೊಡಲು ಕಾಲೇಜುಗಳಿಗೆ ಅವಕಾಶವಾಗಿದೆ. ದೊಡ್ಡ ಫುಟ್‌ಬಾಲ್ ಆದಾಯವಿರುವ ಕಾಲೇಜುಗಳ ಜೊತೆ ಈ ಪಂದ್ಯದಲ್ಲಿ ಮೇನ್ ಸೆಣಸುವುದು ಕಷ್ಟ. ಹಾಗಾಗಿ ಮುಂದಿನ ಏರಿಳಿತಗಳು ನಾಲ್ಕು ವರ್ಷ ಕಾಯುವುದಿಲ್ಲ, ಎರಡೇ ವರ್ಷದಲ್ಲಿ ಬಂದು ಹೋಗಬಹುದು. ಮೇನ್ ಬಳಿ ಬೇರೆಯವರಿಗೆ ಇಲ್ಲದ ಒಂದು ವಸ್ತುವಿದೆ: ಹದಿನೇಳರ ಹುಡುಗ ಒಂದು ಶುಕ್ರವಾರ ರಾತ್ರಿ ಆ ಐದು ಸಾವಿರ ಜನರ ನಡುವೆ ಕೂತು ನೋಡಿದರೆ, ಇಲ್ಲಿ ಆಡಬೇಕು ಎಂದು ಅವನಿಗೆ ಅನ್ನಿಸುತ್ತದೆ. ಕುಸಿದ ವರ್ಷಗಳಲ್ಲೂ ಕುರ್ಚಿ ಬಿಡದೆ ಬಂದು ಕೂತವರು ಉಳಿಸಿಕೊಟ್ಟದ್ದು ಇದನ್ನೇ.

ಮಗಳಿಗೆ ಹೇಳಿ, ವಿದ್ಯಾರ್ಥಿಗಳ ಪಾಲಿನ ಟಿಕೆಟು ಬೇಗ ಖಾಲಿಯಾಗುತ್ತದೆ, ಬಿಡುಗಡೆಯಾದ ದಿನವೇ ತೆಗೆದುಕೊಳ್ಳಲಿ. ಒಳಗೆ ಬೆಚ್ಚಗಿರುತ್ತದೆ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗದಿರಲಿ. ಅವಧಿಗಳ ನಡುವೆ ಯಂತ್ರವೊಂದು ಬಂದು ಗೀರು ಬಿದ್ದ ಮಂಜುಗಡ್ಡೆಯ ಮೇಲೆ ಬಿಸಿನೀರು ಹರಿಸಿ ಕನ್ನಡಿಯಂತೆ ಮಾಡಿ ಹೋಗುತ್ತದೆ, ಕಾಫಿಗೆ ಓಡದೆ ಅದನ್ನು ನೋಡಲಿ. ಆಟಗಾರರ ಪಟ್ಟಿಯಲ್ಲಿ ಪ್ರತಿ ಹೆಸರಿನ ಜೊತೆ ಅವನು ಓದುತ್ತಿರುವ ವರ್ಷವೂ ಊರೂ ಇರುತ್ತದೆ. ಮೊದಲ ವರ್ಷದವರು ಎಷ್ಟು ಜನ, ಎಲ್ಲಿಂದ ಬಂದವರು, ಹಿಂದಿನ ವರ್ಷದ ಎರಡನೆಯ ವರ್ಷದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸಿ ನಿಮಗೆ ಫೋನಿನಲ್ಲಿ ಹೇಳಲಿ. ಇನ್ನೆರಡು ಮೂರು ವರ್ಷದಲ್ಲಿ ಆ ತಂಡ ಎಲ್ಲಿರುತ್ತದೆ ಎಂಬುದನ್ನು ನೀವು ಗೋಣಿಕೊಪ್ಪದಲ್ಲೇ ಕೂತು ಲೆಕ್ಕ ಹಾಕಬಹುದು.